ಖಾರ ಏರುವುದು, ನಾಲಿಗೆ ಮಂದವಾಗುವುದು

ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಡಬ್ಬಿಯಿರಲಿ ಕಡ್ಡಿಯಿರಲಿ, ಗುಂಟೂರು ಕಾಯಿಯ ಖಾರ ಇದಕ್ಕಿಲ್ಲ. ಹಾಗಂತ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ಉರಿಯುವುದು ತಪ್ಪೀತೇ? ಆ ಉರಿ ಸುಟ್ಟ ಗಾಯದ್ದಲ್ಲ. ನರದ ತುದಿಯ ಕೋಶಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿದೆ. ಕಾಯಿಯ ಕ್ಯಾಪ್ಸೈಸಿನ್ ತಗುಲಿದರೆ ಅದು ಬಾಯಿ ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಮಿದುಳಿಗೆ ಉರಿಯ ಸುದ್ದಿ ಮುಟ್ಟುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೂ ತೆರೆಯುವುದು ಇದೇ ಬಾಯಿ. 1997ರಲ್ಲಿ ಇದರ ಜೀನನ್ನು ಪತ್ತೆ ಮಾಡಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು.

ಸಂಜೆ ರಾಣೆಬೆನ್ನೂರಿನಲ್ಲಿ ಮಂಡಕ್ಕಿ ಜೊತೆ ಮಿರ್ಚಿ ತಿನ್ನುವಾಗ ಗಮನಿಸಿ: ಒಂದರ ಮೇಲೊಂದು ತಿಂದರೆ ಉರಿ ಏರುತ್ತಲೇ ಹೋಗುತ್ತದೆ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ತಿಂದರೆ ಮೊದಲಿನಷ್ಟು ಹತ್ತುವುದಿಲ್ಲ. ಹೀಗೆ ಮಂದವಾಗಲು ಒಂದು ಕಾರಣ ಪೊರೆಯ ಕೊಬ್ಬಿನಲ್ಲೇ ಇದೆ.

ಪೊರೆಯ ಒಳಮೈಯಲ್ಲಿ ಫಾಸ್ಫಾಟಿಡಿಲ್‌ಇನಾಸಿಟಾಲ್ ಎಂಬ ಕೊಬ್ಬಿನ ಅಣುಗಳಿವೆ. ಅವುಗಳ ತಲೆ ಆರು ಇಂಗಾಲದ ಉಂಗುರ. ಎಟಿಪಿಯಿಂದ ಫಾಸ್ಫೇಟ್ ತೆಗೆದು ಆ ಉಂಗುರದ ಗೊತ್ತಾದ ಜಾಗದಲ್ಲಿ ಕೂರಿಸುವ ಕಿಣ್ವಗಳೇ ಲಿಪಿಡ್ ಕೈನೇಸ್‌ಗಳು. ಒಂದು ಕೈನೇಸ್ 4ನೇ ಜಾಗಕ್ಕೆ, ಮತ್ತೊಂದು 5ನೇ ಜಾಗಕ್ಕೆ ಫಾಸ್ಫೇಟ್ ಸೇರಿಸಿದರೆ ಪಿಐಪಿ2 ಸಿದ್ಧ. ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿಯ ಮೇಲಿನ ಲಾಟ್ ಚೀಟಿ ನೋಡಿ ಖರೀದಿದಾರ ಬರುವಂತೆ, ಫಾಸ್ಫೇಟ್ ಯಾವ ಜಾಗದಲ್ಲಿದೆ ಎಂಬುದನ್ನು ನೋಡಿ ಕೋಶದ ಪ್ರೋಟೀನುಗಳು ಬಂದು ಅಂಟುತ್ತವೆ.

ಕ್ಯಾಲ್ಸಿಯಂ ಒಳಬಂದೊಡನೆ ಫಾಸ್ಫೋಲಿಪೇಸ್ ಸಿ ಎಂಬ ಇನ್ನೊಂದು ಕಿಣ್ವ ಚುರುಕಾಗಿ ಪಿಐಪಿ2 ಅನ್ನು ಸೀಳುತ್ತದೆ. ದಾಸ್ತಾನು ಇಳಿಯುತ್ತದೆ, ಟಿಆರ್‌ಪಿವಿ1 ಮಂಕಾಗುತ್ತದೆ. ಕೈನೇಸ್‌ಗಳು ಪಿಐಪಿ2 ಅನ್ನು ಮತ್ತೆ ತಯಾರಿಸಿದ ಮೇಲೆಯೇ ಅದು ಚೇತರಿಸಿಕೊಳ್ಳುವುದು ಎಂದು 2005ರ ಪ್ರಯೋಗಗಳು ತೋರಿಸಿದವು. ತಮಾಷೆಯೆಂದರೆ, 2001ರಲ್ಲಿ ಜೂಲಿಯಸ್ ತಂಡವೇ ಇದಕ್ಕೆ ತದ್ವಿರುದ್ಧವಾಗಿ, ಪಿಐಪಿ2 ಈ ಪ್ರೋಟೀನನ್ನು ತಡೆದು ಹಿಡಿಯುತ್ತದೆ ಎಂದಿತ್ತು. ವಾದ ಬಹಳ ವರ್ಷ ನಡೆಯಿತು. ನನಗೆ 2005ರ ವಾದವೇ ಗಟ್ಟಿ ಎನಿಸುತ್ತದೆ. ಆದರೆ ಪಿಐಪಿ2 ಒಂದರಿಂದಲೇ ಎಲ್ಲ ಮಂದತೆಯೂ ಬರುವುದಿಲ್ಲ. ಟಿಆರ್‌ಪಿವಿ1ಗೆ ಅಂಟಿದ ಫಾಸ್ಫೇಟನ್ನು ಕೀಳುವ ಕಿಣ್ವಗಳದ್ದೂ ಅದರಲ್ಲಿ ಪಾಲಿದೆ.

ಇದೇ ಪಿಐಪಿ2ಗೆ 3ನೇ ಜಾಗದಲ್ಲೂ ಫಾಸ್ಫೇಟ್ ಸೇರಿಸುವುದು ಪಿಐ3-ಕೈನೇಸ್. 1980ರ ದಶಕದಲ್ಲಿ ಅಮೆರಿಕದ ಲೂಯಿಸ್ ಕ್ಯಾಂಟ್ಲಿ ಮತ್ತು ಸಂಗಡಿಗರು ಇದನ್ನು ಕಂಡುಕೊಂಡರು. ಆಗ ಆಗುವ ಪಿಐಪಿ3, ಎಕೆಟಿ ಎಂಬ ಪ್ರೋಟೀನನ್ನು ಪೊರೆಗೆ ಕರೆತರುತ್ತದೆ. ಊಟದ ನಂತರ ಇನ್ಸುಲಿನ್ ಕರೆಗೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದು ಈ ದಾರಿಯಲ್ಲೇ. ಕೋಶ ಬೆಳೆಯಲೂ ಇದೇ ದಾರಿ ಬೇಕು. ಪಿಟಿಇಎನ್ ಎಂಬ ಕಿಣ್ವ 3ನೇ ಜಾಗದ ಫಾಸ್ಫೇಟನ್ನು ಕಿತ್ತು ಈ ಸಂಕೇತವನ್ನು ನಿಲ್ಲಿಸುತ್ತದೆ. ಅದು ಕೆಟ್ಟರೆ, ಅಥವಾ ಕೈನೇಸಿನ ಜೀನೇ ರೂಪಾಂತರಗೊಂಡರೆ, ಬೆಳವಣಿಗೆ ಹತೋಟಿ ಮೀರಬಹುದು. ಸ್ತನ ಕ್ಯಾನ್ಸರಿನ ಹಲವು ಗಡ್ಡೆಗಳಲ್ಲಿ ಈ ರೂಪಾಂತರ ಸಿಗುತ್ತದೆ. ಅಂಥವರಿಗಾಗಿ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಲ್ಪೆಲಿಸಿಬ್ ಮಾತ್ರೆ ಪಿಐ3-ಕೈನೇಸನ್ನು ತಡೆಯುತ್ತದೆ. ಗಡ್ಡೆಯ ಜೊತೆಗೆ ಇನ್ಸುಲಿನ್ ದಾರಿಗೂ ಅಡ್ಡ ಬೀಳುವುದರಿಂದ ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ವೈದ್ಯರು ಆಗಾಗ ರಕ್ತ ಪರೀಕ್ಷೆ ಮಾಡಿಸುವುದು ಇದಕ್ಕೇ.