ಲಿಫ್ಟ್ ಇಳಿಯದಿದ್ದರೆ ಅರ್ಧ ಗೆದ್ದಂತೆ

ಹಳೆಯ ಫರ್ಗುಸನ್ ಟ್ರ್ಯಾಕ್ಟರ್ ಕೊಳ್ಳಲು ಬರುವ ಅನುಭವಿ ಸಂಗ್ರಾಹಕ ಮೊದಲು ಎಂಜಿನ್ ಕಡೆ ಹೋಗುವುದಿಲ್ಲ. ಹಿಂದೆ ಒಂದು ಭಾರದ ನೇಗಿಲು ಕಟ್ಟಿಸಿ, ಲಿವರ್ ಎಳೆದು ಅದನ್ನು ಮೇಲಕ್ಕೆತ್ತಿ, ಎಂಜಿನ್ ಆಫ್ ಮಾಡಿಬಿಡುತ್ತಾನೆ. ಆಮೇಲೆ ಮಾಲೀಕನ ಜೊತೆ ಮಾತಿಗೆ ಕೂರುತ್ತಾನೆ. ಕಣ್ಣು ಮಾತ್ರ ನೇಗಿಲ ಮೇಲೆಯೇ ಇರುತ್ತದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಗುಳ ನೆಲ ಮುಟ್ಟಿದರೆ ಒಳಗೆ ಎಲ್ಲೋ ಎಣ್ಣೆ ಸೋರುತ್ತಿದೆ ಎಂದರ್ಥ. ಎಂಜಿನ್ ಕೆಟ್ಟಿದ್ದರೆ ಕಟ್ಟಿಸಬಹುದು, ಬಣ್ಣ ಹೋಗಿದ್ದರೆ ಹೊಡೆಸಬಹುದು. ಆದರೆ ಈ ಟ್ರ್ಯಾಕ್ಟರಿಗೆ ಚರಿತ್ರೆಯಲ್ಲಿ ಜಾಗ ಸಿಕ್ಕಿರುವುದೇ ಆ ಲಿಫ್ಟಿನಿಂದ.

ಫರ್ಗುಸನ್ ಟಿಇ-20 ಎಂಬ ಈ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿ ನಗರದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ತಯಾರಾಯಿತು. ಹತ್ತು ವರ್ಷಗಳಲ್ಲಿ ಹೊರಬಂದವು 5 ಲಕ್ಷ 17 ಸಾವಿರಕ್ಕೂ ಹೆಚ್ಚು. ಎಡ್ಮಂಡ್ ಹಿಲರಿ ತಂಡ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಚಕ್ರಗಳ ಸುತ್ತ ಪಟ್ಟಿ ಬಿಗಿದ ಇಂಥದೇ ಟ್ರ್ಯಾಕ್ಟರುಗಳಲ್ಲಿ. ಬ್ರಿಟನ್, ಐರ್ಲೆಂಡ್‌ಗಳ ಹಳ್ಳಿಗಳಲ್ಲಿ ಇಂದಿಗೂ ಇವು ಓಡುತ್ತವೆ. ಹಳೆಯ ಟ್ರ್ಯಾಕ್ಟರುಗಳ ಉಳುಮೆ ಸ್ಪರ್ಧೆಗೆ ಇವನ್ನು ತೊಳೆದು ತಂದು ನಿಲ್ಲಿಸುತ್ತಾರೆ.

ಇದನ್ನು ರೂಪಿಸಿದ ಹ್ಯಾರಿ ಫರ್ಗುಸನ್ 1884ರಲ್ಲಿ ಐರ್ಲೆಂಡಿನ ಕೌಂಟಿ ಡೌನ್‌ನ ರೈತ ಕುಟುಂಬದಲ್ಲಿ ಹುಟ್ಟಿದವನು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನ ಹಾರಿಸಿದ ಸಾಹಸಿ. ಮೊದಲ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಸರ್ಕಾರಿ ಟ್ರ್ಯಾಕ್ಟರುಗಳ ಕೆಲಸ ಸುಧಾರಿಸುವ ಹೊಣೆ ಅವನಿಗೆ ಬಂತು. ಹೊಲ ಹೊಲ ತಿರುಗಿದಾಗ ಕಂಡದ್ದು ಒಂದೇ ಕಾಯಿಲೆ. ಆಗಿನ ಟ್ರ್ಯಾಕ್ಟರುಗಳು ಎತ್ತಿನ ಕೆಲಸ ಮಾಡುತ್ತಿದ್ದವು, ಅಷ್ಟೇ: ನೇಗಿಲನ್ನು ಸರಪಳಿಯಿಂದಲೋ ಕೊಂಡಿಯಿಂದಲೋ ಹಿಂದೆ ಕಟ್ಟಿ ಎಳೆಯುವುದು. ಗುಳ ಬಂಡೆಗೋ ಬೇರಿಗೋ ಸಿಕ್ಕಿಕೊಂಡಾಗ ಹಿಂದಿನ ಚಕ್ರ ತಿರುಗಲಾರದೆ ನಿಲ್ಲುತ್ತದೆ. ಎಂಜಿನ್ನಿನ ತಿರುಚುವ ಬಲ ಮಾತ್ರ ನಿಲ್ಲುವುದಿಲ್ಲ. ಚಕ್ರದ ಬದಲು ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗುತ್ತದೆ, ಮೂತಿ ಮೇಲೇಳುತ್ತದೆ, ಚಾಲಕ ಕ್ಲಚ್ ಒತ್ತುವಷ್ಟರಲ್ಲಿ ಟ್ರ್ಯಾಕ್ಟರ್ ಅವನ ಮೇಲೆಯೇ ಮಗುಚುತ್ತದೆ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಈ ಕೆಟ್ಟ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು.

ಟ್ರ್ಯಾಕ್ಟರನ್ನು ಇನ್ನಷ್ಟು ಭಾರ ಮಾಡುವುದು ಉಳಿದವರಿಗೆ ಹೊಳೆದ ಪರಿಹಾರ. ಭಾರವಾದ ಟ್ರ್ಯಾಕ್ಟರ್ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ, ಇಂಧನ ನುಂಗುತ್ತದೆ. ಫರ್ಗುಸನ್ ಮತ್ತು ಅವನ ಜೊತೆಗಾರ ವಿಲಿಯಂ ಸ್ಯಾಂಡ್ಸ್ ಬೇರೆ ದಾರಿ ಹಿಡಿದರು. ಟ್ರ್ಯಾಕ್ಟರ್ ಬೇರೆ, ನೇಗಿಲು ಬೇರೆ ಎಂಬ ಯೋಚನೆಯನ್ನೇ ಬಿಟ್ಟು ಎರಡನ್ನೂ ಒಂದೇ ಯಂತ್ರವಾಗಿ ಕಟ್ಟಿದರು.

ಈ ಏರ್ಪಾಟನ್ನು ನಿಧಾನವಾಗಿ ನೋಡಬೇಕು. ನೇಗಿಲು ಟ್ರ್ಯಾಕ್ಟರಿಗೆ ಮೂರು ಕಡೆ ಸೇರುತ್ತದೆ: ಕೆಳಗೆ ಎಡಬಲಕ್ಕೆ ಎರಡು ತೋಳು, ಮೇಲೆ ನಡುವೆ ಟಾಪ್‌ಲಿಂಕ್. ಉಳುವಾಗ ಮಣ್ಣು ಗುಳವನ್ನು ಹಿಂದಕ್ಕೆ ತಡೆಯುತ್ತದೆ, ಕೆಳತೋಳುಗಳು ಮುಂದಕ್ಕೆ ಎಳೆಯುತ್ತವೆ. ಗುಳ ತೋಳಿನ ಪಿನ್ನುಗಳಿಗಿಂತ ಕೆಳಗಿರುವುದರಿಂದ ಇಡೀ ನೇಗಿಲು ಆ ಪಿನ್ನುಗಳ ಸುತ್ತ ತಿರುಗಲು ನೋಡುತ್ತದೆ. ಅದರ ನೆತ್ತಿ ಮುಂದಕ್ಕೆ ಬಾಗಿ ಟಾಪ್‌ಲಿಂಕನ್ನು ಟ್ರ್ಯಾಕ್ಟರಿನ ಕಡೆ ಒತ್ತುತ್ತದೆ. ಅಚ್ಚಿಗಿಂತ ಮೇಲೆ ಬೀಳುವ ಈ ಒತ್ತು ಟ್ರ್ಯಾಕ್ಟರಿನ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಯಾವ ನೇಗಿಲು ಟ್ರ್ಯಾಕ್ಟರನ್ನು ಮಗುಚಿ ಹಾಕುತ್ತಿತ್ತೋ ಅದೇ ಈಗ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ.

ಇನ್ನೂ ಸೊಗಸಾದ ಭಾಗ ಟಾಪ್‌ಲಿಂಕಿನ ಇನ್ನೊಂದು ತುದಿಯಲ್ಲಿದೆ. ಅಲ್ಲೊಂದು ದಪ್ಪ ಸ್ಪ್ರಿಂಗ್. ಮಣ್ಣು ಗಟ್ಟಿಯಾದಷ್ಟೂ ಒತ್ತು ಹೆಚ್ಚಿ ಸ್ಪ್ರಿಂಗ್ ಕುಗ್ಗುತ್ತದೆ. ಆ ಕೂದಲೆಳೆಯಷ್ಟು ಚಲನೆ ಒಂದು ಕಡ್ಡಿಯ ಮೂಲಕ ಹೈಡ್ರಾಲಿಕ್ ಪಂಪಿನ ಕವಾಟಕ್ಕೆ ಮುಟ್ಟುತ್ತದೆ. ಕವಾಟ ತೆರೆದು, ಎಣ್ಣೆ ನುಗ್ಗಿ, ನೇಗಿಲು ತುಸುವೇ ಮೇಲೇಳುತ್ತದೆ. ಎತ್ತುವಾಗ ನೇಗಿಲಿನ ಮತ್ತು ಅದರ ಮೇಲಿನ ಮಣ್ಣಿನ ಭಾರ ಹಿಂದಿನ ಚಕ್ರಕ್ಕೆ ವರ್ಗವಾಗಿ, ಹಿಡಿತ ಬೇಕಾದ ಗಳಿಗೆಯಲ್ಲೇ ಹಿಡಿತ ಸಿಗುತ್ತದೆ. ಮಣ್ಣು ಮೆತ್ತಗಾದರೆ ಸ್ಪ್ರಿಂಗ್ ಸಡಿಲಿಸಿ ನೇಗಿಲು ಮತ್ತೆ ಕೆಳಗೆ. ಎತ್ತಿನ ಬೇಸಾಯದಲ್ಲಿ ರೈತ ಮೇಳಿಯ ಮೇಲೆ ಕೈಯ ಒತ್ತನ್ನು ಹೆಚ್ಚು ಕಡಿಮೆ ಮಾಡುತ್ತಿದ್ದನಲ್ಲ, ಅದೇ ಕೆಲಸವನ್ನು ಇಲ್ಲಿ ಸ್ಪ್ರಿಂಗ್ ಮತ್ತು ಎಣ್ಣೆ ಮಾಡುತ್ತವೆ. ಗುಳ ಬಂಡೆಗೆ ಹೊಡೆದರೆ ಸ್ಪ್ರಿಂಗ್ ಮಾಮೂಲಿ ಮಿತಿ ಮೀರಿ ಕುಗ್ಗಿ, ಕವಾಟ ಎಣ್ಣೆಯನ್ನು ಹೊರಬಿಡುತ್ತದೆ. ಹಿಂದಿನ ಚಕ್ರದ ಮೇಲಿನ ಹೆಚ್ಚುವರಿ ಭಾರ ಇಳಿದು ಚಕ್ರ ಇದ್ದಲ್ಲೇ ಜಾರುತ್ತದೆ. ಚಕ್ರ ಜಾರಿದರೆ ಟ್ರ್ಯಾಕ್ಟರ್ ಮಗುಚುವುದಿಲ್ಲ. ವಿದ್ಯುತ್ ಸಂವೇದಕಗಳಿಲ್ಲದ ಕಾಲದಲ್ಲಿ ಬರೀ ಉಕ್ಕು ಮತ್ತು ಎಣ್ಣೆಯಿಂದ ಇಷ್ಟನ್ನು ಸಾಧಿಸಿದ್ದು ನನ್ನ ದೃಷ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ಬೇಸಾಯ ಯಂತ್ರಗಳಲ್ಲೇ ಅತ್ಯಂತ ಚೆಲುವಾದ ಯೋಚನೆ.

ವ್ಯಾಪಾರದ ಕಥೆ ದೊಡ್ಡದು, ಇಲ್ಲಿ ಚುಟುಕಾಗಿ ಹೇಳುತ್ತೇನೆ. 1938ರಲ್ಲಿ ಫರ್ಗುಸನ್ ಹೆನ್ರಿ ಫೋರ್ಡ್‌ಗೆ ಇದನ್ನು ತೋರಿಸಿದ, ಇಬ್ಬರೂ ಕಾಗದಪತ್ರವಿಲ್ಲದೆ ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1947ರಲ್ಲಿ ಫೋರ್ಡ್‌ನ ಮೊಮ್ಮಗ ಅದನ್ನು ಮುರಿದ. ಫರ್ಗುಸನ್ ಕೋರ್ಟಿಗೆ ಹೋಗಿ 1952ರಲ್ಲಿ 92.5 ಲಕ್ಷ ಡಾಲರ್ ಪಡೆದ. ಮರುವರ್ಷ ಅವನ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು.

ಇಂಥ ಯಂತ್ರವನ್ನು ಮತ್ತೆ ದುಡಿಯುವ ಸ್ಥಿತಿಗೆ ತರುವುದೆಂದರೆ ಅದು ಬದುಕಿದ ರೀತಿಯನ್ನು ಓದುವುದು. ಟಿಇ-20ರ ಕೆಲವು ಮಾದರಿಗಳು ಸೀಮೆಎಣ್ಣೆಯಂಥ ಅಗ್ಗದ ಇಂಧನದಲ್ಲಿ ಓಡುತ್ತಿದ್ದವು. ಪೆಟ್ರೋಲಿನಲ್ಲಿ ಶುರು ಮಾಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಅದಕ್ಕೆ ತಿರುಗಿಸಬೇಕು. ನಮ್ಮಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ ಇಟ್ಟವರಿಗೆ ಈ ಪದ್ಧತಿ ಗೊತ್ತು. ಕಾಯುವ ಮೊದಲೇ ತಿರುಗಿಸಿದರೆ ಉರಿಯದ ಇಂಧನ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಕಡ್ಡಿ ಅದ್ದಿ ನೋಡಿದಾಗ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿ ಕಂಡರೆ, ತೆಳ್ಳಗಾಗಿ ವಾಸನೆ ಬಂದರೆ, ಬೇರಿಂಗುಗಳು ಸವೆದಿರುತ್ತವೆ ಎಂದೇ ತಿಳಿಯಬೇಕು. ಒಳ್ಳೆಯ ಸುದ್ದಿಯೆಂದರೆ ಸಿಲಿಂಡರಿನ ಲೈನರುಗಳನ್ನು ಹೊರತೆಗೆದು ಹೊಸದು ಕೂರಿಸಬಹುದು. ವರ್ಷಗಟ್ಟಲೆ ನಿಂತು ಪಿಸ್ಟನ್ ಹಿಡಿದುಕೊಂಡಿದ್ದರೆ ಸುತ್ತಿಗೆಗೆ ಕೈಹಾಕಬಾರದು. ಪ್ಲಗ್ ಬಿಚ್ಚಿ ತೆಳುವಾದ ಎಣ್ಣೆ ಸುರಿದು ದಿನಗಟ್ಟಲೆ ನೆನೆಯಲು ಬಿಟ್ಟು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲುಗಿಸುವುದೇ ಸರಿಯಾದ ಕ್ರಮ.

ಲಿಫ್ಟಿನ ವಿಷಯಕ್ಕೆ ಬಂದರೆ, ಪಂಪ್ ಇರುವುದು ಹಿಂಭಾಗದ ಹೊಟ್ಟೆಯೊಳಗೆ, ಗೇರಿನ ಎಣ್ಣೆಯಲ್ಲೇ ಮುಳುಗಿ. ನಾಲ್ಕು ಪುಟ್ಟ ಪಿಸ್ಟನ್ನುಗಳ ಪಂಪ್ ಅದು, ಹಿಂದೆ ಜೋಡಿಸುವ ಉಪಕರಣಗಳಿಗೆ ಎಂಜಿನ್ನಿನ ಶಕ್ತಿ ಮುಟ್ಟಿಸುವ ಪಿಟಿಒ ದಂಡದಿಂದ ತಿರುಗುತ್ತದೆ. ಎಣ್ಣೆ ಇಳಿಸಿದಾಗ ಬೆಳ್ಳಗೆ ಬಂದರೆ ನೀರು ಸೇರಿದೆ. ನೀರು ಸೇರಿದಲ್ಲಿ ಕವಾಟಕ್ಕೆ ತುಕ್ಕು ಹಿಡಿದು, ಲಿಫ್ಟ್ ನಡುಗುತ್ತಾ ಏಳುತ್ತದೆ. ಪಕ್ಕದ ಮುಚ್ಚಳ ಬಿಚ್ಚಿ, ಭಾರ ಎತ್ತಿ ಹಿಡಿಸಿ, ಟಾರ್ಚ್ ಬಿಟ್ಟು ನೋಡಿದರೆ ಎಣ್ಣೆ ಲಿಫ್ಟ್ ಸಿಲಿಂಡರಿನಿಂದ ಸೋರುತ್ತಿದೆಯೋ ಪಂಪಿನ ಕಡೆಯಿಂದಲೋ ಕಣ್ಣಿಗೇ ಕಾಣುತ್ತದೆ. ಕೊನೆಯ ಪರೀಕ್ಷೆ ಟಾಪ್‌ಲಿಂಕಿನ ಆ ದಪ್ಪ ಸ್ಪ್ರಿಂಗಿನದು. ಅದನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದರೆ ತಿರುಗಬೇಕು, ಹಿಂದೆ ಮುಂದೆ ಮಾತ್ರ ಒಂದಿಷ್ಟೂ ಅಲುಗಬಾರದು. ಅಲುಗಿದರೆ ಮಣ್ಣಿನ ಬದಲಾವಣೆ ಪಂಪಿಗೆ ತಡವಾಗಿ ಮುಟ್ಟುತ್ತದೆ, ಸಾಲಿನ ಆಳ ಏರುಪೇರಾಗುತ್ತದೆ.

ಬಣ್ಣದ ವಿಷಯದಲ್ಲಿ ಸಂಗ್ರಾಹಕರಲ್ಲಿ ಎರಡು ಪಂಗಡ. ಕಾರ್ಖಾನೆಯಿಂದ ಈಗ ತಾನೇ ಬಂದಂತೆ ಹೊಳೆಯಬೇಕು ಎನ್ನುವವರು ಕೆಲವರು. ಒಳಗಿನದನ್ನೆಲ್ಲ ಸರಿಮಾಡಿ ಹೊರಗಿನದನ್ನು ಇದ್ದಂತೆ ಬಿಡುವವರು ಇನ್ನು ಕೆಲವರು. ನಾನು ಎರಡನೆಯವರ ಪಕ್ಷ. ಕ್ಲಚ್ ಪೆಡಲಿನ ಮೇಲೆ ಒಂದೇ ಕಾಲು ದಶಕಗಳ ಕಾಲ ತುಳಿದು ಮಾಡಿದ ಸವೆತ, ಮಡ್‌ಗಾರ್ಡಿಗೆ ಊರ ಕಮ್ಮಾರ ಹಾಕಿದ ಬೆಸುಗೆ, ಇವನ್ನು ಒಮ್ಮೆ ಉಜ್ಜಿ ಬಣ್ಣ ಬಳಿದರೆ ಮತ್ತೆ ತರಲಾಗದು. ಮೂಲ ಬಣ್ಣ ಪೂರ್ತಿ ಹೋಗಿ ತಗಡು ತಿನ್ನಲು ಶುರುವಾಗಿದ್ದರೆ ಬಳಿಯಲಿ, ಬೇಡ ಅನ್ನುವುದಿಲ್ಲ.

ಇದೆಲ್ಲ ದೂರದ ದೇಶದ ಮಾತೆಂದು ಓದುಗರು ಪುಟ ತಿರುಗಿಸಬಾರದು. ಫರ್ಗುಸನ್ ಬೂದು ಟ್ರ್ಯಾಕ್ಟರಿನ ಮುಂದಿನ ತಲೆಮಾರು 1956ರ ಫರ್ಗುಸನ್ 35. ಅದೇ ಮ್ಯಾಸಿ ಫರ್ಗುಸನ್ 35 ಆಯಿತು. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಕಂಪನಿ ಮ್ಯಾಸಿ ಫರ್ಗುಸನ್ ಜೊತೆಗೂಡಿ ಆ ವಂಶವನ್ನು ಇಲ್ಲಿ ಮುಂದುವರಿಸಿತು. ಕರ್ನಾಟಕದ ಹೊಲಗಳಲ್ಲಿ ಕಾಣುವ ಕೆಂಪು 1035 ಆ ಕುಟುಂಬದ್ದೇ. ಪಂಪಿನ ಜಾಗ, ಅದು ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಅದೇ. ಅಂದರೆ 1035ರ ಲಿಫ್ಟ್ ಬಿಚ್ಚಿ ಕಟ್ಟಬಲ್ಲ ನಮ್ಮ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗೆ ಕೊವೆಂಟ್ರಿಯ ಟ್ರ್ಯಾಕ್ಟರಿನ ಒಳಗೂ ದಾರಿ ಗೊತ್ತು. ಬ್ರಿಟನ್ನಿನ ಸಂಗ್ರಾಹಕರು ಮ್ಯಾಸಿ 35ಕ್ಕೆ ಹಾಕುವ ಬಿಡಿಭಾಗಗಳಲ್ಲಿ ಭಾರತದಲ್ಲಿ ತಯಾರಾದವೂ ಇವೆ. ಇಂದು ಡೀಲರ್‌ಗಳು ಎಡಿಡಿಸಿ (ಆಳ ಮತ್ತು ಎಳೆತದ ಸ್ವಯಂಚಾಲಿತ ನಿಯಂತ್ರಣ) ಎಂದು ಹೇಳಿ ಮಾರುವುದು ಆ ಸ್ಪ್ರಿಂಗ್ ಮತ್ತು ಕವಾಟದ ಸಂತತಿಯನ್ನೇ. ಪೇಟೆಂಟ್ ಅವಧಿ ಮುಗಿದ ಮೇಲೆ ಎಲ್ಲ ಕಂಪನಿಗಳೂ ಮೂರು ಕೊಂಡಿಯ ಪದ್ಧತಿಗೆ ಬಂದವು. ಅಳತೆಗಳು ಅಂತರರಾಷ್ಟ್ರೀಯ ಮಾನಕವಾದದ್ದರಿಂದಲೇ ಒಂದು ಕಂಪನಿಯ ಕಲ್ಟಿವೇಟರ್ ಇನ್ನೊಂದು ಕಂಪನಿಯ ಟ್ರ್ಯಾಕ್ಟರಿಗೆ ಹೊಂದುತ್ತದೆ.

ನಿಮ್ಮ ಮನೆಯ ಹಿತ್ತಲಲ್ಲೋ ತೋಟದ ಶೆಡ್ಡಿನಲ್ಲೋ ಅಜ್ಜ ಕೊಂಡ ಮೊದಲ ಟ್ರ್ಯಾಕ್ಟರ್ ನಿಂತಿದ್ದರೆ, ಗುಜರಿಯವರನ್ನು ಕರೆಯುವ ಮುನ್ನ ಇಷ್ಟು ಮಾಡಿ. ನಂಬರಿನ ತಗಡು ಹುಡುಕಿ ಒರೆಸಿ ಫೋಟೋ ತೆಗೆದಿಟ್ಟುಕೊಳ್ಳಿ. ಟೈರ್ ನೆಲ ಮುಟ್ಟದಂತೆ ದಿಮ್ಮಿ ಕೊಡಿ, ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿ, ಮಳೆನೀರು ಒಳಗೆ ಇಳಿಯುವುದು ನಿಲ್ಲುತ್ತದೆ. ಊರಿನ ಹಿರಿಯ ಮೆಕ್ಯಾನಿಕ್ ಇದ್ದರೆ ಕರೆದು ಲಿಫ್ಟ್ ಬಿಚ್ಚಿಸಿ, ಪಕ್ಕದಲ್ಲಿ ಮಗನನ್ನೋ ಮಗಳನ್ನೋ ಕೂರಿಸಿ ನೋಡಿಸಿ. ತೂಕಕ್ಕೆ ಮಾರಿದರೆ ಸಿಗುವ ಹಣ ಒಂದು ಜೊತೆ ಟೈರಿಗೂ ಸಾಲದೆ ಹೋಗಬಹುದು.