ಹೊಲಕ್ಕೆ ಯಂತ್ರ ಕರೆಸುವ ಮುನ್ನ: ಗಾಲಿಯದೋ, ಪಟ್ಟಿಯದೋ?



ಪರಿಗಿ, ಹಿಂದೂಪುರದ ಸುತ್ತಿನ ಹಳ್ಳಿಗಳಲ್ಲಿ ಗುದ್ದಲಿ ಕೆಲಸಕ್ಕೆ ಆಳು ಸಿಗುವುದು ಕಷ್ಟವಾಗಿದೆ. ಕೆರೆ ಗೋಡು ಹೊಡೆಯುವುದು, ಹೊಲ ಮಟ್ಟ ಮಾಡುವುದು, ಗೊಬ್ಬರ ತುಂಬುವುದು, ಮನೆಯ ಪಾಯಕ್ಕೆ ಮಣ್ಣು ಹಾಕುವುದು, ಎಲ್ಲಕ್ಕೂ ಯಂತ್ರವನ್ನೇ ಕರೆಯುತ್ತೇವೆ. ಯಾವುದು ಬಂದರೂ ನಮ್ಮ ಬಾಯಲ್ಲಿ ಅದು 'ಜೆಸಿಬಿ'. ಆದರೆ ಎಲ್ಲ ಯಂತ್ರಗಳ ಗುಣ ಒಂದೇ ಅಲ್ಲ.

ಇಕ್ಕಟ್ಟಾದ ಜಾಗದಲ್ಲಿ ನಿಂತಲ್ಲೇ ತಿರುಗುವ ಪುಟ್ಟ ಯಂತ್ರವೊಂದಿದೆ. ಅದೇ ಸ್ಕಿಡ್ ಸ್ಟಿಯರ್ ಲೋಡರ್. ಇದರ ಮೂಲ ರೂಪವನ್ನು 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸಹೋದರರು ಟರ್ಕಿ ಕೋಳಿ ಸಾಕುವ ರೈತರೊಬ್ಬರ ಕೊಟ್ಟಿಗೆ ಶುಚಿ ಮಾಡಲೆಂದು ತಯಾರಿಸಿದರು. ಇದರ ಗಾಲಿಗಳು ಟ್ರ್ಯಾಕ್ಟರಿನಂತೆ ಓರೆಯಾಗುವುದಿಲ್ಲ. ಒಂದು ಪಕ್ಕ ನಿಧಾನ, ಇನ್ನೊಂದು ಪಕ್ಕ ವೇಗವಾಗಿ ಓಡಿದಾಗ ಯಂತ್ರ ಜಾರಿ ತಿರುಗುತ್ತದೆ. ಗಾಲಿಯ ಬದಲು ರಬ್ಬರ್ ಪಟ್ಟಿ ಇರುವ ಬಗೆಯೂ ಉಂಟು.

ಎರಡರಲ್ಲಿ ಯಾವುದು ಮೇಲು? ನೆಲವನ್ನು ನೋಡಿ ಹೇಳಬೇಕು. ಗಾಲಿಯ ಯಂತ್ರದ ಭಾರವೆಲ್ಲ ನಾಲ್ಕು ಸಣ್ಣ ಜಾಗಗಳ ಮೇಲೆ ಬೀಳುತ್ತದೆ. ಪಟ್ಟಿಯ ಯಂತ್ರ ತೂಕದಲ್ಲಿ ಹೆಚ್ಚಾದರೂ ಆ ಭಾರ ಪಟ್ಟಿಯ ಉದ್ದಕ್ಕೂ ಹರಡುವುದರಿಂದ ನೆಲದ ಮೇಲಿನ ಒತ್ತಡ ಕಡಿಮೆ. ಕೆರೆಯಂಗಳದ ಜೇಡಿ, ಮರಳು, ಸಡಿಲ ಮಣ್ಣಿಗೆ ಪಟ್ಟಿಯೇ ಸರಿ. ಗಟ್ಟಿ ನೆಲ, ಸಿಮೆಂಟ್ ಕಣ, ರಸ್ತೆ ಓಡಾಟಕ್ಕೆ ಗಾಲಿ ಸಾಕು. ಚೂಪು ಕಲ್ಲಿನ ಮೇಲೆ ರಬ್ಬರ್ ಪಟ್ಟಿ ಬೇಗ ಸವೆದು ಹರಿಯುತ್ತದೆ; ಹೊಸದು ದುಬಾರಿ. ದೂರದಿಂದ ತರುವುದಾದರೆ ಲಾರಿಯ ಬಾಡಿಗೆಯೂ ಸೇರುತ್ತದೆ.

ಒಂದು ವರ್ಷ ನಾವು ಮಳೆ ನಿಂತ ಎರಡೇ ದಿನಕ್ಕೆ ಹಿಪ್ಪುನೇರಳೆ ತೋಟದ ಪಕ್ಕದ ತುಂಡು ಭೂಮಿಗೆ ಗಾಲಿಯ ಯಂತ್ರ ಇಳಿಸಿದೆವು. ಕೆಲಸ ಬೇಗ ಮುಗಿಯಿತು. ಆದರೆ ಮುಂದಿನ ಮಳೆಯಲ್ಲಿ ಗಾಲಿ ತುಳಿದ ಕಡೆ ನೀರು ಇಂಗದೆ ನಿಂತಿತು, ನೆಟ್ಟ ಕಡ್ಡಿ ಏಳಲಿಲ್ಲ. ಹಸಿ ಮಣ್ಣು ತುಳಿತಕ್ಕೆ ಸಿಕ್ಕಿ ಒಳಗಿನ ಗಾಳಿಯ ರಂಧ್ರಗಳು ಮುಚ್ಚಿದ್ದವು. ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 550 ಮಿಲಿಮೀಟರ್ ಮಳೆ. ಅದೂ ಭೂಮಿಗೆ ಇಳಿಯದಿದ್ದರೆ ನಮಗೇನು ಉಳಿಯಿತು?

ಆದ್ದರಿಂದ ಮೊದಲು ಗೇಣು ಆಳದ ಮಣ್ಣನ್ನು ಹಿಡಿ ತೆಗೆದು ಹಿಂಡಿ, ಉಂಡೆಯನ್ನು ನೆಲಕ್ಕೆ ಬಿಡಿ. ಪುಡಿಯಾದರೆ ಯಂತ್ರ ಇಳಿಸಬಹುದು. ಉಂಡೆಯಾಗಿಯೇ ಉಳಿದರೆ ಕಾಯಿರಿ. ಪಟ್ಟಿಯ ಯಂತ್ರಕ್ಕೂ ಇದೇ ಮಾತು.

ಮಾತನಾಡುವಾಗ ಕೇಳಬೇಕಾದ ವಿಷಯಗಳು:

1. ಎಷ್ಟು ಭಾರ ಎತ್ತುತ್ತದೆ? ಯಂತ್ರ ಮುಗ್ಗರಿಸುವ ಭಾರದಲ್ಲಿ ಗಾಲಿಯದಕ್ಕೆ ಅರ್ಧ, ಪಟ್ಟಿಯದಕ್ಕೆ ಸಾಮಾನ್ಯವಾಗಿ ನೂರಕ್ಕೆ 35 ಭಾಗವನ್ನು ಸುರಕ್ಷಿತ ಮಿತಿಯೆಂದು ಬರೆಯುತ್ತಾರೆ. 2,000 ಕಿಲೋಗೆ ಮುಗ್ಗರಿಸುವುದಾದರೆ ಕ್ರಮವಾಗಿ 1,000 ಮತ್ತು 700 ಕಿಲೋ.

2. ಪಟ್ಟಿಯಲ್ಲಿ ಬಿರುಕು, ಒಳಗಿನ ತಂತಿ ಕಾಣುತ್ತಿದೆಯೇ? ಬಿಗಿ ಸರಿಯಿದೆಯೇ?

3. ಕೃಷಿ ಹೊಂಡ ತೋಡಬೇಕೇ? ಹಾಗಿದ್ದರೆ ಲೋಡರ್ ಬೇಡ. ಆಳಕ್ಕೆ ಉದ್ದ ಕೈಯಿರುವ ಜೆಸಿಬಿ ಅಥವಾ ಹಿಟಾಚಿಯೇ ಬೇಕು.

4. ಬಾಡಿಗೆ ಗಂಟೆಗೋ, ಕೆಲಸಕ್ಕೋ? ಡೀಸೆಲ್ ಯಾರದು? ಮೊದಲೇ ಗೊತ್ತು ಮಾಡಿಕೊಳ್ಳಿ.

ಕೊನೆಗೆ ಜೀವದ ಮಾತು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ಹೋಗಬಾರದು. ಅದರಲ್ಲಿ ಮಕ್ಕಳನ್ನು ಕೂರಿಸುವ ಆಟವೂ ಬೇಡ. ಭಾರ ಹೊತ್ತಾಗ ಬಕೆಟ್ ನೆಲಕ್ಕೆ ಹತ್ತಿರವಿರಲಿ. ಚಾಲಕ ಬೆಲ್ಟ್ ಹಾಕಿರಲಿ. ಈ ಯಂತ್ರದ ಹಿಂದೆ ಏನಿದೆಯೆಂದು ಚಾಲಕನಿಗೆ ಸರಿಯಾಗಿ ಕಾಣುವುದಿಲ್ಲ. ದೂಳಿನಲ್ಲಿ ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ಕಲ್ಲಿನ ಸಣ್ಣ ದೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಬಾಡಿಗೆ ಹಣ ಮುಂದಿನ ಬೆಳೆಯಲ್ಲಿ ಬಂದೀತು. ಹೋದ ಜೀವ ಬರುವುದಿಲ್ಲ.