ಶಿಕ್ಷೆ ಮುಗಿದ ಮರುದಿನ

ಬೀದರ್ ಜಿಲ್ಲೆಯಲ್ಲಿ ಅತ್ಯಾಚಾರಕ್ಕೆ ದೀರ್ಘ ಶಿಕ್ಷೆಯಾದವರು ಸಾಮಾನ್ಯವಾಗಿ ಸೇರುವುದು ಕಲಬುರಗಿ ಕೇಂದ್ರ ಕಾರಾಗೃಹ. ಅವಧಿ ಮುಗಿದ ದಿನ ಹೊರಬಂದವನು, 2017ರಲ್ಲಿ ಶುರುವಾದ ಬೀದರ್ ಮಾರ್ಗದ ರೈಲು ಹತ್ತಿ ಬಂದು, ಸಂಜೆಯೊಳಗೆ ಭಾಲ್ಕಿಯಲ್ಲೋ ಔರಾದ್‌ನಲ್ಲೋ ಬಸ್ ಇಳಿಯಬಹುದು. ಅಲ್ಲಿಂದಾಚೆ ಅವನನ್ನು ವಾರವಾರ ಕೂರಿಸಿಕೊಂಡು ವಿಚಾರಿಸುವ ಹೊಣೆಯನ್ನು ನಮ್ಮ ಕಾನೂನು ಯಾರಿಗೂ ವಹಿಸಿಲ್ಲ.

ಈ ಖಾಲಿ ಜಾಗ ಒಂದೇ ದಿನದಲ್ಲಿ ಆದದ್ದಲ್ಲ. ಅಪರಾಧಿಯನ್ನು ಊರಿನಲ್ಲೇ ಇಟ್ಟು ಅಧಿಕಾರಿಯ ನಿಗಾದಲ್ಲಿ ತಿದ್ದುವ ಪರಿವೀಕ್ಷಣಾ ಕಾಯ್ದೆ ಬಂದದ್ದು 1958ರಲ್ಲಿ. ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳನ್ನು ಅದು ಹೊರಗಿಟ್ಟಿತು. ಅತ್ಯಾಚಾರವೂ ಹೊರಗೇ ಉಳಿಯಿತು. 2012ರ ಪೋಕ್ಸೊ ಕಾಯ್ದೆ, ದೆಹಲಿಯ ಸಾಮೂಹಿಕ ಅತ್ಯಾಚಾರದ ನಂತರ ವರ್ಮಾ ಸಮಿತಿ, 2013ರ ಅಪರಾಧ ಕಾನೂನು ತಿದ್ದುಪಡಿ ಒಂದರ ಹಿಂದೊಂದು ಬಂದವು. 2018ರಲ್ಲಿ ಅತ್ಯಾಚಾರದ ಕನಿಷ್ಠ ಶಿಕ್ಷೆ ಏಳರಿಂದ ಹತ್ತು ವರ್ಷಕ್ಕೇರಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಪೊಲೀಸರ ಕೈಗೆ ಬಂತು. ಇವೆಲ್ಲ ಬೇಕಾಗಿದ್ದವು, ತಡವಾಗಿಯೇ ಬಂದವು. ಆದರೆ ಎಲ್ಲದರ ದೃಷ್ಟಿ ನೆಟ್ಟಿದ್ದು ಠಾಣೆ, ಕೋರ್ಟು, ಜೈಲಿನ ಮೇಲೆ.

ಜೈಲಿನಾಚೆಗೆ ನೋಡಿದ ಊರು ಕೆನಡಾದ ಹ್ಯಾಮಿಲ್ಟನ್. 1994ರಲ್ಲಿ ಮಕ್ಕಳ ಮೇಲೆ ಪದೇಪದೇ ದೌರ್ಜನ್ಯ ಎಸಗಿದ್ದವನೊಬ್ಬ ಪೂರ್ಣ ಶಿಕ್ಷೆ ಮುಗಿಸಿ ಬಂದಾಗ ಊರೇ ಹೆದರಿತು. ಮೆನೊನೈಟ್ ಪಂಗಡದ ಪಾದ್ರಿ ಹ್ಯಾರಿ ನೈ ಒಂದಷ್ಟು ಜನರನ್ನು ಸೇರಿಸಿ ಅವನ ಸುತ್ತ ಒಂದು ಗುಂಪು ಕಟ್ಟಿದರು. ಅದೇ ಮುಂದೆ ಪದ್ಧತಿಯಾಯಿತು: ತರಬೇತಾದ ನಾಲ್ಕೈದು ಸ್ವಯಂಸೇವಕರು, ಅವರ ಬೆನ್ನಿಗೆ ಮನೋವೈದ್ಯರು, ಪೊಲೀಸರು. ಬಾಡಿಗೆ ಮನೆ, ಕೆಲಸ ಹುಡುಕಿಕೊಡುತ್ತಾರೆ. ಯಾವ ದಾರಿಯಲ್ಲಿ ಹೋದೆ, ಯಾರ ಜೊತೆ ಮಾತಾಡಿದೆ ಎಂದು ಮುಖಕ್ಕೇ ಕೇಳುತ್ತಾರೆ. ಅಪಾಯ ಕಂಡರೆ ಪೊಲೀಸರಿಗೆ ತಿಳಿಸುವುದು ಮೊದಲೇ ಬರೆದುಕೊಂಡ ಒಪ್ಪಂದದಲ್ಲೇ ಇರುತ್ತದೆ. ಅಮೆರಿಕದ ಮಿನೆಸೋಟದಲ್ಲಿ ಇಂಥ ನೂರು ಅಪರಾಧಿಗಳನ್ನು ಎರಡು ಪಾಲು ಮಾಡಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಲೈಂಗಿಕ ಅಪರಾಧಕ್ಕಾಗಿ ಮತ್ತೆ ಬಂಧನವಾಗುವ ಸಂಭವ ಸ್ವಯಂಸೇವಕರ ಗುಂಪು ಜೊತೆಗಿದ್ದವರಲ್ಲಿ ಶೇ 88ರಷ್ಟು ಕಡಿಮೆಯಾಗಿತ್ತು. ನೂರು ಸಣ್ಣ ಸಂಖ್ಯೆ, ನಿಜ. ಆದರೂ ತಳ್ಳಿಹಾಕುವಂಥದ್ದಲ್ಲ.

ಇದನ್ನು ಹಾಗೇ ಎತ್ತಿ ತಂದು ಔರಾದ್‌ನಲ್ಲಿ ನೆಡಲಾಗದು. ನಮ್ಮಲ್ಲಿ ಅತ್ಯಾಚಾರದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಎನ್ನುತ್ತದೆ ಅಪರಾಧ ದಾಖಲೆ ಬ್ಯೂರೊ. ನೆರೆಯವನು, ಸಂಬಂಧಿಕ. ಅವನು ಮರಳುವುದು ಅವಳ ಓಣಿಗೇ. ಊರ ಹಿರಿಯರನ್ನು ಕೂರಿಸಿದರೆ ಮಾತು ರಾಜಿಯ ಕಡೆ ಜಾರುವ ಭಯವೂ ಇದೆ. ಹಾಗಾಗಿ ಪಂಚಾಯಿತಿ ಕಟ್ಟೆಯನ್ನು ನಾನು ಒಪ್ಪಲಾರೆ.

ಸರ್ಕಾರದ ಕೈಯಲ್ಲೇ ಕೆಲವು ಎಳೆಗಳಿವೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯವರೆಗೆ ಒಯ್ದು ತೋರಿಸಿತು. ಅದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೇ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರುವ ಏರ್ಪಾಡಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರೆಕಾಲಿಕ ಕಾನೂನು ಸ್ವಯಂಸೇವಕರಿದ್ದಾರೆ. ಇವರನ್ನು ಜೋಡಿಸುವ ಕೆಲಸ ಬಿಡುಗಡೆಗೆ ಆರು ತಿಂಗಳ ಮೊದಲೇ ಶುರುವಾಗಲಿ. ಮೊದಲ ಭೇಟಿ ಸಂತ್ರಸ್ತೆಯ ಮನೆಗೆ. ಅವನು ಹೊರಬರುವ ದಿನ ಯಾವುದೆಂದು ಅವಳಿಗೆ ತಿಳಿಸಿ, ಅವನು ಯಾವ ಊರಲ್ಲಿ ಇರಬಾರದೆಂದು ಅವಳನ್ನೇ ಕೇಳಿ, ಆಮೇಲೆ ಅವನಿಗೆ ಮನೆ ಹುಡುಕಲಿ.